ಕಾರ್ಡ್ ಸಂಖ್ಯೆ ಸರಿಯಿಲ್ಲ

ಟೈಪ್ ಮಾಡುವಾಗ ತಪ್ಪು ಮಾಡುವವರನ್ನು ಕಂಡರೆ ಶಾಂತಕುಮಾರಿಗೆ ಮೊದಲಿನಿಂದಲೂ ಸ್ವಲ್ಪ ಸಿಡುಕು. ತಿಪಟೂರಿನಲ್ಲಿ ಹದಿನಾರು ವರ್ಷ ಟೈಪಿಂಗ್ ಕಲಿಸಿದವಳು ಅವಳು. ಒಂದು ಅಕ್ಷರ ಹೆಚ್ಚು ಕಡಿಮೆಯಾದರೂ ಇಡೀ ಹಾಳೆಯನ್ನು ಮತ್ತೆ ಹೊಡೆಸುತ್ತಿದ್ದಳು. ಟೈಪ್‌ರೈಟರುಗಳನ್ನು ಕೇಳುವವರಿಲ್ಲದಂತಾದ ಮೇಲೆ ಅವನ್ನೆಲ್ಲ ಗುಜರಿಗೆ ಹಾಕಿ, ಎರಡು ಕಂಪ್ಯೂಟರ್ ತಂದಿಟ್ಟುಕೊಂಡು, ಯಾರ ಹತ್ತಿರವೂ ಹೋಗದೆ ತಾನೇ ನೋಡಿ ನೋಡಿ ವೆಬ್‌ಸೈಟ್ ಮಾಡುವುದನ್ನು ಕಲಿತಳು. ಆಗಲೇ ವಯಸ್ಸು ನಲವತ್ತು ದಾಟಿತ್ತು. ಎರಡು ಕಲ್ಯಾಣ ಮಂಟಪ, ಒಂದು ಎಣ್ಣೆ ಗಾಣ, ಹುಳಿಯಾರು ಕಡೆ ತೆಂಗಿನ ಸಸಿ ಮಾರುವವರೊಬ್ಬರು, ಹೀಗೆ ಸಣ್ಣ ಸಣ್ಣ ಕೆಲಸ ಸಿಗುತ್ತಿತ್ತು. ಈ ವರ್ಷ ಮಾತ್ರ ದೊಡ್ಡದೊಂದು ಸಿಕ್ಕಿತ್ತು. ಊರಾಚೆಯ ಟ್ರಸ್ಟೊಂದರ ನರ್ಸಿಂಗ್ ಶಾಲೆಗೆ ಆನ್‌ಲೈನ್ ಅರ್ಜಿ ಮಾಡಿಕೊಡುವ ಕೆಲಸ.

ಆ ಅರ್ಜಿಗೆ ಕೊನೆಯ ದಿನ ಒಂದು ಬುಧವಾರ, ಸಂಜೆ ಐದು ಗಂಟೆ. ಅವತ್ತು ಮಾರುಕಟ್ಟೆಯಲ್ಲಿ ಹರಾಜು ಬೇರೆ. ಅವಳ ಅಂಗಡಿಯ ಕೆಳಗಿನ ರಸ್ತೆಯಲ್ಲಿ ಕೊಬ್ಬರಿ ಚೀಲ ಹೇರಿದ ಗಾಡಿಗಳು ಒಂದರ ಹಿಂದೊಂದು ನಿಂತಿದ್ದವು. ನಾಲ್ಕು ಗಂಟೆ ದಾಟಿ ಐದು ನಿಮಿಷಕ್ಕೆ ಹೆಂಗಸೊಬ್ಬಳು ಮೆಟ್ಟಿಲು ಹತ್ತಿ ಬಂದು ಬಾಗಿಲ ಹತ್ತಿರವೇ ನಿಂತಳು. ಕೈಯಲ್ಲಿ ಮೊಬೈಲು, ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಫೈಲು.

"ಶಾಂತಾ ಕಂಪ್ಯೂಟರ್ಸ್ ಅಂದ್ರೆ ಇದೇನಾ ಮೇಡಂ?"

"ಹೌದು, ಬನ್ನಿ."

"ನರ್ಸಿಂಗ್ ಸ್ಕೂಲಿನ ಅರ್ಜಿ ಪುಟದ ಕೆಳಗೆ ನಿಮ್ ಹೆಸ್ರಿತ್ತು. ಅದ್ಕೇ ಹುಡುಕ್ಕೊಂಡು ಬಂದೆ. ನಂಬರ್ ಟೈಪ್ ಮಾಡೋದ್ರಲ್ಲಿ ನಾನು ಏನೋ ತಪ್ಪು ಮಾಡ್ತಿದೀನಿ. ಏನು ಅಂತ ಒಂಚೂರು ಹೇಳ್ಕೊಡ್ತೀರಾ?"

ಅವಳ ಹೆಸರು ಅಫ್ಸರ್ ಬಾನು. ತುರುವೇಕೆರೆಯ ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಆಯಾ. ಗಂಡ ನಿಜಾಮುದ್ದೀನ್ ಅದೇ ಊರಲ್ಲಿ ಮೆಕ್ಯಾನಿಕ್ಕು. ರೋಗಿಗಳ ಮೈ ಒರೆಸುತ್ತ, ಬಟ್ಟೆ ಬದಲಿಸುತ್ತ, ನರ್ಸುಗಳ ಕೈ ನೋಡಿ ನೋಡಿ ಅರ್ಧ ಕೆಲಸ ಕಲಿತಿದ್ದಳು. ಕಲಿತಿದ್ದರೂ ಸೂಜಿ ಮುಟ್ಟುವ ಹಾಗಿಲ್ಲ. ಎರಡು ವರ್ಷದ ಕೋರ್ಸು ಮಾಡಿದರೆ ಮುಟ್ಟಬಹುದು ಎಂದು ಡಾಕ್ಟರೇ ಹೇಳಿದ್ದರು. ಅದಕ್ಕಾಗಿ ಮನೆ ಕೆಲಸ, ಆಸ್ಪತ್ರೆ ಕೆಲಸ ಎರಡರ ನಡುವೆ ಓದಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ಪಿಯುಸಿ ಪಾಸು ಮಾಡಿಕೊಂಡಿದ್ದಳು. ಇದನ್ನೆಲ್ಲ ಶಾಂತಕುಮಾರಿ ತಿಳಿದದ್ದು ಆಮೇಲೆ. ಆಗ ಅವಳ ಕಣ್ಣಿಗೆ ಬಿದ್ದದ್ದು ಮೊಬೈಲಿನಲ್ಲಿದ್ದ ಕೆಂಪಕ್ಷರದ ಸಾಲು ಮಾತ್ರ. ಕಾರ್ಡ್ ಸಂಖ್ಯೆ ಸರಿಯಿಲ್ಲ. ಮತ್ತೊಮ್ಮೆ ನೋಡಿ ಟೈಪ್ ಮಾಡಿ. ಆ ಸಾಲನ್ನು ಬರೆದವಳು ಅವಳೇ.

"ಎಷ್ಟು ದಿನದಿಂದ ಹಿಂಗೆ ಬರ್ತಿದೆ?"

"ಭಾನುವಾರದಿಂದ. ಮೂವತ್ತು ಸಲಾನಾದ್ರೂ ಹೊಡ್ದಿದೀನಿ. ಬ್ಯಾಂಕಿಗೆ ಹೋಗಿ ಕೇಳ್ದೆ, ಕಾರ್ಡು ಚೆನ್ನಾಗೈತೆ ಕಣಮ್ಮ ಅಂದ್ರು. ಸ್ಕೂಲಿಗೆ ಫೋನ್ ಮಾಡ್ದೆ, ಎಲ್ರದೂ ಹೋಗ್ತಾ ಐತೆ, ನಿಮ್ದೇ ಏನೋ ತಪ್ಪು ಅಂದ್ರು. ಇವತ್ತು ಡ್ಯೂಟಿ ಬಿಡಿಸ್ಕೊಂಡು ಬರೋ ಹೊತ್ಗೆ ಇಷ್ಟೊತ್ತಾಯ್ತು."

"ಇನ್ನೊಂದ್ಸಲ ನನ್ನ ಮುಂದೆ ಹೊಡೀರಿ. ನಿಧಾನಕ್ಕೆ. ನಾಲ್ಕು ನಾಲ್ಕಾಗಿ."

ಅಫ್ಸರ್ ಬಾನು ಕಾರ್ಡನ್ನು ಮೇಜಿನ ಮೇಲಿಟ್ಟು ತೋರುಬೆರಳಿನಲ್ಲಿ ಒಂದೊಂದೇ ಅಂಕಿ ಒತ್ತಿದಳು. ಮಧ್ಯೆ ಜಾಗ ಬಿಟ್ಟಳು. ಕೆಂಪಕ್ಷರ ಬಂತು. ಜಾಗ ಬಿಡಬೇಡಿ ಎಂದಳು ಶಾಂತಕುಮಾರಿ. ಬಿಡದೆ ಹೊಡೆದರೂ ಕೆಂಪಕ್ಷರ. ಮೊಬೈಲು ಬೇಡ, ನನ್ನ ಕಂಪ್ಯೂಟರಿನಲ್ಲಿ ಹೊಡೆಯಿರಿ ಎಂದಳು. ಅಲ್ಲೂ ಅದೇ. ಶಾಂತಕುಮಾರಿಗೆ ಹಳೆಯ ಸಿಡುಕು ಬಂತು. ಮುಖಕ್ಕೆ ಹೇಳಲಿಲ್ಲ, ಆದರೆ ಎದುರಿಗಿದ್ದವಳಿಗೆ ತಿಳಿಯುವಷ್ಟು ಉಸಿರು ಬಿಟ್ಟಳು.

"ನೋಡಿ, ಪುಟ ಸರಿಯಾಗೇ ಇದೆ" ಎಂದು ತನ್ನ ಪರ್ಸಿನಿಂದ ಸ್ವಂತ ಕಾರ್ಡು ತೆಗೆದು, ನೋಡದೆಯೇ ಎಂಬಷ್ಟು ವೇಗವಾಗಿ ಹದಿನಾರು ಅಂಕಿ ಹೊಡೆದಳು. ಪಕ್ಕದಲ್ಲಿ ಹಸಿರು ಗುರುತು ಮೂಡಿತು. "ಹೋಯ್ತಾ? ಹಿಂಗೆ ಬರ್ಬೇಕು."

ಅಫ್ಸರ್ ಬಾನು ಆ ಹಸಿರು ಗುರುತನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದಂತೆ ಮಾಡಿ ಸುಮ್ಮನಾದಳು. ಶಾಂತಕುಮಾರಿ ಹೊಡೆದದ್ದನ್ನು ಅಳಿಸಿ ಕಾರ್ಡನ್ನು ಪರ್ಸಿನೊಳಗೆ ಇಟ್ಟುಕೊಂಡಳು. ಆಗ ನಾಲ್ಕೂ ಇಪ್ಪತ್ತೈದು.

ಹಣ ಪಡೆಯುವ ಕೆಲಸ ಬೇರೆ ಕಂಪನಿಯದು. ಸಂಖ್ಯೆಯನ್ನು ಅವರಿಗೆ ಕಳಿಸುವ ಮೊದಲು, ಜನ ಅವಸರದಲ್ಲಿ ತಪ್ಪು ಹೊಡೆದಿದ್ದಾರೋ ಎಂದು ಪುಟದಲ್ಲೇ ಒಮ್ಮೆ ಪರೀಕ್ಷಿಸುವ ಹತ್ತು ಹನ್ನೆರಡು ಸಾಲು ಮಾತ್ರ ಶಾಂತಕುಮಾರಿಯದು. ಕಾರ್ಡ್ ಸಂಖ್ಯೆಗೆ ಒಂದು ಲೆಕ್ಕವಿದೆ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಎರಡರಿಂದ ಗುಣಿಸಬೇಕು, ಒಂಬತ್ತು ದಾಟಿದರೆ ಒಂಬತ್ತು ಕಳೆಯಬೇಕು, ಎಲ್ಲವನ್ನೂ ಕೂಡಿದರೆ ಮೊತ್ತದ ಕೊನೆಯ ಅಂಕಿ ಸೊನ್ನೆ ಬರಬೇಕು. ಒಂದು ಅಂಕಿ ತಪ್ಪಿದರೂ ಸೊನ್ನೆ ಬರುವುದಿಲ್ಲ. ಈ ಲೆಕ್ಕವನ್ನು ಮೊದಲ ಸಲ ಓದಿದಾಗ, ತಪ್ಪನ್ನು ಬೆರಳ ತುದಿಯಲ್ಲೇ ಹಿಡಿಯುವ ಉಪಾಯ ಎಂದು ಅವಳಿಗೆ ಬಹಳ ಹಿಡಿಸಿತ್ತು.

ಒಂದು ಬಿಳಿ ಹಾಳೆ, ಪೆನ್ನು ಕೊಟ್ಟಳು. "ನಂಬರ್ ನನಗೆ ತೋರಿಸ್ಬೇಡಿ. ಯಾರಿಗೂ ತೋರಿಸ್ಬಾರ್ದು. ನೀವೇ ಬರ್ಕೊಂಡು ನಾನು ಹೇಳ್ದಂಗೆ ಲೆಕ್ಕ ಮಾಡಿ."

ಅಫ್ಸರ್ ಬಾನು ಹಾಳೆಯನ್ನು ಕೈಯಿಂದ ಮರೆಮಾಡಿಕೊಂಡು ಬರೆದಳು. ಕೂಡುವಾಗ ತುಟಿ ಅಲ್ಲಾಡುತ್ತಿತ್ತು. ಮೊದಲ ಸಲ ಅರವತ್ತೇಳು ಬಂತು. ಅಲ್ಲಿ ನೋಡಿ ಎಂದು ಶಾಂತಕುಮಾರಿ ಹೇಳುವಷ್ಟರಲ್ಲಿ, "ತಡೀರಿ, ಒಂದು ಕಡೆ ಒಂಬತ್ತು ಕಳೀಲಿಲ್ಲ, ಇನ್ನೊಂದು ಕಡೆ ಎರಡರಿಂದ ಗುಣಿಸ್ಲಿಲ್ಲ" ಎಂದು ತಾನೇ ತಿದ್ದಿಕೊಂಡಳು. ಮತ್ತೆ ಕೂಡಿದಳು.

"ಅರವತ್ತು."

"ಸರಿಯಾಗಿ ನೋಡಿದ್ರಾ?"

"ಎರಡು ಸಲ ಕೂಡ್ದೆ ಮೇಡಂ. ಅರವತ್ತೇ."

ಅರವತ್ತು ಬಂತೆಂದರೆ ಸಂಖ್ಯೆ ಸರಿ. ಸಂಖ್ಯೆ ಸರಿಯಿದ್ದು ಕೆಂಪಕ್ಷರ ಬರುತ್ತಿದೆಯೆಂದರೆ? ಶಾಂತಕುಮಾರಿ ಕುರ್ಚಿ ಎಳೆದುಕೊಂಡು ಕುಳಿತು, ತಾನು ಬರೆದ ಸಾಲುಗಳನ್ನು ತೆರೆದಳು. ಗುಣಿಸುವುದು ಸರಿ. ಕಳೆಯುವುದು ಸರಿ. ಕೂಡುವುದು ಸರಿ. ಅದಕ್ಕೂ ಮೇಲೆ, ಲೆಕ್ಕ ಶುರುವಾಗುವ ಮುಂಚೆಯೇ ಒಂದು ಸಾಲಿತ್ತು. ಯಾವುದೋ ಹಳೆಯ ಪುಟದಿಂದ ಎತ್ತಿಕೊಂಡಿದ್ದ ಸಾಲು. ಓದದೆಯೇ ಸೇರಿಸಿದ್ದಳು.

"ನಿಮ್ಮ ನಂಬರಿನ ಮೊದಲನೇ ಅಂಕಿ ಯಾವ್ದು? ಅದೊಂದೇ ಹೇಳಿ."

"ಆರು."

ಆ ಸಾಲು ಹೇಳುತ್ತಿದ್ದುದು ಇಷ್ಟೇ: ಸಂಖ್ಯೆ ನಾಲ್ಕರಿಂದಲೋ ಐದರಿಂದಲೋ ಶುರುವಾಗದಿದ್ದರೆ ಅದು ಕಾರ್ಡೇ ಅಲ್ಲ, ಮುಂದಿನ ಲೆಕ್ಕವೂ ಬೇಡ. ಶಾಂತಕುಮಾರಿಯ ಕಾರ್ಡು ನಾಲ್ಕರದು. ಪರೀಕ್ಷೆಗೆಂದು ಹಾಕಿ ನೋಡಿದ್ದ ಅತ್ತಿಗೆಯ ಕಾರ್ಡೂ ನಾಲ್ಕರದು. ಶಾಲೆಯ ಗುಮಾಸ್ತ ಜ್ಞಾನೇಶ್ ಕೊಟ್ಟಿದ್ದು ಐದರದು. ಎಲ್ಲಕ್ಕೂ ಹಸಿರು ಗುರುತು ಬಂದಿತ್ತು. ಪಿಂಚಣಿ ಬರುವ, ಕೂಲಿ ಹಣ ಬರುವ, ಸಂಘದವರು ಮಾಡಿಸಿಕೊಟ್ಟ ಎಷ್ಟೋ ಖಾತೆಗಳಿಗೆ ಬ್ಯಾಂಕಿನವರು ಕೊಡುವ ಕಾರ್ಡು ಆರರಿಂದ ಶುರುವಾಗುತ್ತದೆ ಎಂಬುದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ಅವಳ ತಾಯಿಯ ಕಾರ್ಡೇ ಹಾಗಿತ್ತು. ಅದನ್ನು ತಂದು ಹಾಕಿ ನೋಡಬೇಕೆಂದು ಹೊಳೆದಿರಲಿಲ್ಲ, ಅಷ್ಟೆ.

"ತಪ್ಪು ನಿಮ್ದಲ್ಲ. ನಂದು" ಎಂದಳು. ಹೇಳುವಾಗ ತಿರುಗಿ ನೋಡಲಿಲ್ಲ. ಬೆರಳುಗಳು ಆಗಲೇ ಓಡುತ್ತಿದ್ದವು.

ಸಾಲನ್ನು ತೆಗೆಯಲು ಒಂದು ನಿಮಿಷ ಹಿಡಿಯಲಿಲ್ಲ. ತಿದ್ದಿದ ಪುಟವನ್ನು ಇಂಟರ್ನೆಟ್ಟಿಗೆ ಏರಿಸುವಾಗ ಪಾಸ್‌ವರ್ಡನ್ನು ಒಮ್ಮೆ ತಪ್ಪಾಗಿ ಹೊಡೆದಳು, ಎರಡನೇ ಸಲವೂ ತಪ್ಪಾಗಿ ಹೊಡೆದಳು. ಹೊಸ ಪುಟ ಏರಿದಾಗ ನಾಲ್ಕೂ ನಲವತ್ತೇಳು. ಅಫ್ಸರ್ ಬಾನು ಮೊಬೈಲಿನಲ್ಲಿ ಮತ್ತೆ ಹೊಡೆದಳು. ಕೆಂಪಕ್ಷರವೇ ಬಂತು. ಹಳೆಯ ಪುಟ ಮೊಬೈಲಿನ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ಅದನ್ನು ಬಿಟ್ಟು ಕಂಪ್ಯೂಟರಿನಲ್ಲೇ ಹೊಸದಾಗಿ ತೆರೆಯುವ ಹೊತ್ತಿಗೆ ತುಂಬಿದ್ದ ಅರ್ಜಿಯೆಲ್ಲ ಖಾಲಿಯಾಗಿತ್ತು. ಹೆಸರು, ತಂದೆಯ ಹೆಸರು, ವಿಳಾಸ, ಅಂಕಪಟ್ಟಿ, ಫೋಟೋ. ಶಾಂತಕುಮಾರಿ ಹೊಡೆಯುತ್ತ ಹೋದಳು, ಅಫ್ಸರ್ ಬಾನು ಫೈಲಿನಿಂದ ಒಂದೊಂದೇ ಕಾಗದ ಮುಂದೆ ಹಿಡಿದಳು. ಸ್ಕ್ಯಾನರ್ ಎಂದಿಗಿಂತ ನಿಧಾನವಾಗಿ ಓಡಿದಂತೆ ಕಂಡಿತು. ಕೊನೆಗೆ ಕಾರ್ಡಿನ ಜಾಗ ಬಂತು. ಶಾಂತಕುಮಾರಿ ಎದ್ದು ಪಕ್ಕಕ್ಕೆ ನಿಂತಳು. ಅಫ್ಸರ್ ಬಾನು ತೋರುಬೆರಳಿನಲ್ಲಿ ಹದಿನಾರು ಅಂಕಿ ಒತ್ತಿದಳು.

ಹಸಿರು ಗುರುತು ಬಂತು.

"ಬಂತು" ಎಂದಳು ಮೆಲ್ಲಗೆ, ಮಲಗಿದ್ದ ಮಗು ಎದ್ದೀತು ಎಂಬಂತೆ. ಪಾವತಿಸಿ ಎಂಬಲ್ಲಿ ಒತ್ತಿದಳು. ಪುಟ ಒಂದು ಕ್ಷಣ ಬೆಳ್ಳಗಾಯಿತು. ಆಮೇಲೆ ಬಂದ ಸಾಲು: ಅರ್ಜಿ ಸಲ್ಲಿಸುವ ಅವಧಿ ಮುಕ್ತಾಯಗೊಂಡಿದೆ. ಐದು ಗಂಟೆಗೆ ತಾನಾಗಿ ಮುಚ್ಚಿಕೊಳ್ಳುವಂತೆ ಅದನ್ನು ಬರೆದವಳೂ ಶಾಂತಕುಮಾರಿಯೇ.

ಅವಳು ಮನಸ್ಸು ಮಾಡಿದ್ದರೆ ಅದನ್ನು ಐದು ನಿಮಿಷ ತೆರೆಯಬಹುದಿತ್ತು. ಆದರೆ ಕೇಳದೆ ಯಾವ ಕೆಲಸವನ್ನೂ ಮಾಡಿದವಳಲ್ಲ. ಟ್ರಸ್ಟಿನ ಕಾರ್ಯದರ್ಶಿ ಮರುಳಸಿದ್ದಯ್ಯನವರಿಗೆ ಫೋನ್ ಮಾಡಿದಳು. ನಿವೃತ್ತ ಹೆಡ್‌ಮಾಸ್ತರರು, ಮೃದುವಾಗಿಯೇ ಮಾತಾಡಿದರು. "ಅದ್ನ ಮುಟ್ಬೇಡಮ್ಮ. ಐದಕ್ಕೆ ಪಟ್ಟಿ ಮೇಲಿನ ಕಚೇರಿಗೆ ಹೋಗ್ಬುಟ್ಟಿದೆ. ಪಟ್ಟಿ ಹೋದ ಮೇಲೆ ಒಂದು ಹೆಸ್ರು ಸೇರ್ತು ಅಂದ್ರೆ ನಾಳೆ ನನ್ನ ಕುತ್ತಿಗೆಗೆ ಬರ್ತದೆ. ಬೆಳಿಗ್ಗೆ ಕರ್ಕೊಂಡು ಬಾ, ಮಾತಾಡಣ."

ಬೆಳಿಗ್ಗೆ ಇಬ್ಬರೂ ಹೋದರು. ಶಾಂತಕುಮಾರಿ ರಾತ್ರಿಯೇ ಒಂದು ಪತ್ರ ಬರೆದಿಟ್ಟುಕೊಂಡಿದ್ದಳು. ಅರ್ಜಿದಾರರ ತಪ್ಪಿಲ್ಲ, ನಾನು ಮಾಡಿದ ಪುಟದ ದೋಷದಿಂದ ಸರಿಯಾದ ಕಾರ್ಡನ್ನು ನಿರಾಕರಿಸಲಾಗಿದೆ ಎಂದು ನಾಲ್ಕು ಸಾಲು, ಕೆಳಗೆ ಸಹಿ. ಮರುಳಸಿದ್ದಯ್ಯನವರು ಅದನ್ನು ಎರಡು ಸಲ ಓದಿದರು.

"ಇದು ನೀನು ಬರ್ಕೊಟ್ಟಿದ್ದು. ಈಯಮ್ಮ ಭಾನುವಾರದಿಂದ ಪ್ರಯತ್ನ ಮಾಡಿದ್ರು ಅನ್ನೋದಕ್ಕೆ ನಮ್ಮ ಕಡೆ ಏನಾದ್ರೂ ದಾಖಲೆ ಇದ್ಯಾ? ಕಂಪ್ಯೂಟರ್ನಲ್ಲಿ ಎಲ್ಲಾ ಉಳ್ಕತದೆ ಅಂತೀಯಲ್ಲ."

"ಇದು ಉಳಿಯಲ್ಲ ಸರ್."

"ಯಾಕೆ?"

"ತಪ್ಪು ಅಂತ ಹೇಳೋದು ಅವರ ಮೊಬೈಲಿನೊಳಗೇ. ನಮ್ಮವರೆಗೆ ಬರೋದೇ ಇಲ್ಲ. ಬಾಗ್ಲಲ್ಲೇ ತಿರುಗಿಸಿ ಕಳಿಸ್ದಂಗೆ."

ಹೇಳುತ್ತ ಹೇಳುತ್ತ ಅವಳಿಗೇ ಆ ಮಾತಿನ ಅರ್ಥ ಆಗತೊಡಗಿತು. ಮರುಳಸಿದ್ದಯ್ಯನವರಿಗೂ ಆಗಿರಬೇಕು. ಮೇಜಿನ ಮೇಲಿದ್ದ ಪಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಹೋದ ವರ್ಷ ಬ್ಯಾಂಕ್ ಡಿಡಿ ತೆಗೆದು ಕಾಗದದ ಅರ್ಜಿ ಕೊಟ್ಟಾಗ ಬಂದದ್ದು ಮುನ್ನೂರ ನಲವತ್ತು. ಈ ವರ್ಷ ಇನ್ನೂರ ಹನ್ನೆರಡು. ಜನಕ್ಕೆ ನರ್ಸಿಂಗ್ ಮೇಲೆ ಆಸಕ್ತಿ ಕಡಿಮೆಯಾಯಿತು ಎಂದು ಹೋದ ವಾರ ಸಭೆಯಲ್ಲಿ ಅವರೇ ಹೇಳಿದ್ದರು.

"ಎಷ್ಟು ಜನ ಹಿಂಗೆ ತಿರುಗೋಗಿರ್ಬೋದು?"

"ಗೊತ್ತಾಗಲ್ಲ ಸರ್. ಯಾರು ಅಂತಾನೂ ಗೊತ್ತಾಗಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಪತ್ರವನ್ನು ಮಡಿಚಿ ಶಾಂತಕುಮಾರಿಯ ಕಡೆಗೇ ತಳ್ಳಿದರು. "ಇದನ್ನ ನಾನು ತಗೊಂಡ್ರೆ ಅವರಿಗೆಲ್ಲಾ ಬಾಗ್ಲು ತೆಗೀಬೇಕು ಕಣಮ್ಮ. ಅದು ನನ್ನ ಕೈಲಿಲ್ಲ. ಮುಂದಿನ ವರ್ಷ ಈಯಮ್ಮನ ಅರ್ಜಿ ನಾನೇ ಕೂತು ತುಂಬಿಸ್ತೀನಿ."

"ಮುಂದಿನ ವರ್ಷ ಆಗಲ್ಲ ಸಾರ್" ಎಂದಳು ಅಫ್ಸರ್ ಬಾನು. ಅಲ್ಲಿಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. "ಮೂವತ್ತೈದು ದಾಟಿದ್ರೆ ತಗಳಲ್ಲ ಅಂತ ನಿಮ್ಮ ನಿಯಮದಲ್ಲೇ ಐತೆ. ಮಾರ್ಚಿಗೆ ನಂಗೆ ತುಂಬ್ತದೆ."

ಮರುಳಸಿದ್ದಯ್ಯನವರು ಅವಳ ಮುಖ ನೋಡಿದರು, ಪಟ್ಟಿ ನೋಡಿದರು, ಕಿಟಕಿಯಾಚೆ ನೋಡಿದರು. ಕೆಟ್ಟ ಮನುಷ್ಯರಲ್ಲ. ಕಾಫಿ ತರಿಸಿದರು. ಯಾರೂ ಕುಡಿಯಲಿಲ್ಲ.

ಬಸ್ ಸ್ಟ್ಯಾಂಡಿನವರೆಗೆ ಶಾಂತಕುಮಾರಿ ಜೊತೆಗೆ ನಡೆದಳು. ಬಯ್ಯಲಿ ಎಂದು ಕಾಯುತ್ತಿದ್ದಳು. ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಅಫ್ಸರ್ ಬಾನು ಬಯ್ಯಲಿಲ್ಲ. ಬೆಂಚಿನ ಮೇಲೆ ಕುಳಿತು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು:

"ಅಕ್ಕ, ಆ ಕಾಗದ ಅವರು ತಗೊಳ್ಳಿಲ್ವಲ್ಲ. ನಂಗೆ ಕೊಡ್ತೀರಾ?"

"ಯಾಕ್ರೀ? ಅದ್ರಿಂದ ಇನ್ನೇನು ಆಗಲ್ಲ."

"ನಮ್ಮೆಜಮಾನ್ರಿಗೆ ತೋರಿಸ್ತೀನಿ. ಹದಿನಾರು ನಂಬರ್ ನೋಡ್ಕೊಂಡು ಹೊಡ್ಯಕ್ಕೆ ಬರಲ್ಲ, ನೀನು ಜನಕ್ಕೆ ಇಂಜೆಕ್ಷನ್ ಕೊಡೋಳಾ ಅಂದ್ರು ಮೊನ್ನೆ. ಮಕ್ಕಳ ಮುಂದೆ. ನಂಗೂ ಹೌದೇನೋ ಅನ್ಸಿತ್ತು. ನಾನು ಸರಿಯಾಗೇ ಹೊಡ್ದಿದ್ದೆ ಅಂತ ಇದ್ರಲ್ಲಿ ಬರ್ದೈತಲ್ಲ."

ಶಾಂತಕುಮಾರಿ ಪತ್ರ ಕೊಟ್ಟಳು. ರಾತ್ರಿಯೆಲ್ಲ ಅವಳನ್ನು ಕೊರೆಯುತ್ತಿದ್ದದ್ದು ಇನ್ನೊಂದಿತ್ತು. ಅದನ್ನು ಹೇಳದೆ ಬಸ್ ಹತ್ತಿಸಿ ಕಳಿಸಿಬಿಡಬಹುದಿತ್ತು. ಆದರೆ ಆಗಲಿಲ್ಲ.

"ಅಫ್ಸರ್ ಬಾನು ಅವ್ರೇ, ನೆನ್ನೆ ನಾನು ನನ್ನ ಕಾರ್ಡ್ ಹಾಕಿ ತೋರಿಸ್ದೆನಲ್ಲ. ಅದು ಹೋಗ್ತಿತ್ತು. ನಾಲ್ಕೂವರೆಗೇ ಅದ್ರಲ್ಲೇ ಕಟ್ಟಿಬಿಟ್ಟಿದ್ರೆ ನಿಮ್ಮ ಅರ್ಜಿ ಸೇರಿರೋದು. ದುಡ್ಡು ಆಮೇಲೆ ಇಸ್ಕೋಬೋದಿತ್ತು. ನನ್ನ ತಪ್ಪು ಎಲ್ಲಿದೆ ಅಂತ ಹುಡುಕೋದ್ರಲ್ಲಿ ನನಗೆ ಅದು ಹೊಳೀಲೇ ಇಲ್ಲ."

ಅಫ್ಸರ್ ಬಾನು ಫೈಲಿನ ಗುಂಡಿ ಹಾಕಿದಳು, ತೆಗೆದಳು.

"ನಂಗೆ ಹೊಳೀತು ಅಕ್ಕ" ಎಂದಳು. "ಆ ಹಸಿರು ಗುರುತು ಬಂತಲ್ಲ, ಆವಾಗ್ಲೇ. ದುಡ್ಡು ಬ್ಯಾಗಲ್ಲೇ ಇತ್ತು. ಕೇಳೋಣ ಅಂತ ಬಾಯಿಗೆ ಬಂತು. ಗುರ್ತಿಲ್ಲದೋರ ಹತ್ರ ನಿಮ್ಮ ಕಾರ್ಡ್ ಕೊಡಿ ಅಂತ ಹೆಂಗ್ ಕೇಳೋದು? ಅದೂ ನೀವು ಬೇಜಾರಲ್ಲಿದ್ರಿ."

ಶಾಂತಕುಮಾರಿಗೆ ತಾನು ಬಿಟ್ಟ ಉಸಿರು ನೆನಪಾಯಿತು. ಹುಳಿಯಾರಿನ ಬಸ್ಸು ಬಂದು ನಿಂತು ಹೋಯಿತು. ಅದರ ಹಿಂದೆಯೇ ತುರುವೇಕೆರೆಯದು ಬಂತು. "ಎರಡು ಗಂಟೆಗೆ ಡ್ಯೂಟಿ ಐತೆ, ಬತ್ತೀನಿ ಅಕ್ಕ" ಎಂದು ಅಫ್ಸರ್ ಬಾನು ಹತ್ತಿದಳು. ಕಿಟಕಿ ಪಕ್ಕ ಜಾಗ ಸಿಗಲಿಲ್ಲ. ಜನರ ನಡುವೆ ನಿಂತವಳ ಮುಖ ಕಾಣಲಿಲ್ಲ.

ಶಾಂತಕುಮಾರಿ ಸುಮ್ಮನೆ ಕೂರಲಿಲ್ಲ. ನರ್ಸಿಂಗ್ ಶಾಲೆಗಳನ್ನು ನೋಡಿಕೊಳ್ಳುವ ಕಚೇರಿಗೆ ಎರಡು ಪತ್ರ ಬರೆದಳು. ಒಂದಕ್ಕೆ ಉತ್ತರ ಬರಲಿಲ್ಲ. ಇನ್ನೊಂದಕ್ಕೆ, ಪ್ರವೇಶದ ವಿಷಯದಲ್ಲಿ ಸಂಸ್ಥೆಯನ್ನೇ ಸಂಪರ್ಕಿಸಿ ಎಂದು ಬಂತು. ಟ್ರಸ್ಟಿನವರು ಮುಂದಿನ ವರ್ಷದ ಕೆಲಸವನ್ನು ತುಮಕೂರಿನ ಯಾರಿಗೋ ಕೊಟ್ಟರು. ಅದರ ಬಗ್ಗೆ ಅವಳಿಗೆ ದುಃಖವಾಗಲಿಲ್ಲ. ಸಂತೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಹುಡುಗಿ ಮೊಬೈಲ್ ನೋಡುತ್ತ ಕುಳಿತಿದ್ದರೆ, ಇವಳೂ ಒಬ್ಬಳಿರಬಹುದೇ ಎಂಬ ಯೋಚನೆ ಬರುತ್ತಿತ್ತು. ಕೇಳುವುದಾದರೂ ಏನೆಂದು?

ವರ್ಷ ಕಳೆದು ಒಂದು ದಿನ ತಾಯಿಯನ್ನು ಸಕ್ಕರೆ ಕಾಯಿಲೆಗೆ ತೋರಿಸಲು ತುರುವೇಕೆರೆಯಲ್ಲಿ ಅಫ್ಸರ್ ಬಾನು ಕೆಲಸ ಮಾಡುವ ನರ್ಸಿಂಗ್ ಹೋಮಿಗೇ ಕರೆದೊಯ್ದಳು. ಅಲ್ಲಿ ಒಳ್ಳೆಯ ಡಾಕ್ಟರಿದ್ದಾರೆಂದು ಅಣ್ಣ ಹೇಳಿದ್ದ. ಬೇರೆ ಕಡೆ ಹೋಗೋಣ ಎನ್ನಲು ಅವಳ ಹತ್ತಿರ ಹೇಳಬಹುದಾದ ಕಾರಣವಿರಲಿಲ್ಲ. ರಕ್ತ ತೆಗೆಯುವ ಕೋಣೆಯಲ್ಲಿ ಎಳೆಯ ವಯಸ್ಸಿನ ನರ್ಸೊಬ್ಬಳಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ನಿಸರ್ಗ ಎಂದು ಹೆಸರು, ಅದರ ಕೆಳಗೆ ಆ ಶಾಲೆಯದೇ ಹೆಸರು. ತರಬೇತಿಗೆ ಬಂದವಳು. ತಾಯಿಯ ಬತ್ತಿದ ತೋಳಿನಲ್ಲಿ ಎರಡು ಕಡೆ ಚುಚ್ಚಿದರೂ ರಕ್ತ ಬರಲಿಲ್ಲ. ಹುಡುಗಿಯ ಹಣೆಯಲ್ಲಿ ಬೆವರು. "ಅಫ್ಸರಕ್ಕ" ಎಂದು ಕೂಗಿದಳು.

ಬಕೆಟ್ಟನ್ನು ಬಾಗಿಲಲ್ಲಿಟ್ಟು, ಕೈ ತೊಳೆದು ಒರೆಸಿಕೊಂಡು ಅಫ್ಸರ್ ಬಾನು ಒಳಗೆ ಬಂದಳು. ಶಾಂತಕುಮಾರಿಯನ್ನು ಗುರುತು ಹಿಡಿದಳು. ಸಣ್ಣಗೆ ನಕ್ಕು ತಲೆಯಾಡಿಸಿ ಮುದುಕಿಯ ಕೈ ಹಿಡಿದುಕೊಂಡಳು. ಮೊಣಕೈಯ ಕೆಳಗೆ ಎರಡು ಬೆರಳಿನಿಂದ ಒತ್ತಿ, ಸ್ವಲ್ಪ ಸರಿಸಿ, ಮತ್ತೆ ಒತ್ತಿ, "ಇಲ್ಲೈತೆ ನೋಡಿ ಸಿಸ್ಟರ್, ಇಲ್ಲಿ ಹಾಕಿ" ಎಂದು ಬೆರಳು ತೆಗೆದು ಹಿಂದಕ್ಕೆ ಸರಿದು ನಿಂತಳು. ಹುಡುಗಿ ಅಲ್ಲಿ ಚುಚ್ಚಿದಳು. ರಕ್ತ ಬಂತು. ಅಫ್ಸರ್ ಬಾನು ಹೊರಗೆ ಹೋಗಿ ಬಕೆಟ್ಟು ಎತ್ತಿಕೊಂಡಳು.